ಚೋಟುದ್ದದ ರೇಸ್ ಕಾರು

ಹವಾಯಿ ಚಪ್ಪಲಿ ಸವೆದು ಪಟ್ಟಿ ಕಿತ್ತುಹೋದರೆ ಮನೆಯ ಹಿರಿಯರ ಲೆಕ್ಕದಲ್ಲಿ ಅದು ಕಸ. ಮಕ್ಕಳ ಲೆಕ್ಕದಲ್ಲಿ ನಾಲ್ಕು ಗಾಲಿ. ದಾಂಡೇಲಿಯ ಓಣಿಯಲ್ಲಾಗಲಿ ಜೋಯಿಡಾದ ಅಂಗಳದಲ್ಲಾಗಲಿ ಬಿದಿರ ಕೋಲಿಗೆ ಇಂಥ ಗಾಲಿ ಸಿಕ್ಕಿಸಿ ಓಡಿಸದ ಬಾಲ್ಯ ಅಪರೂಪ. ಹಳಿಯಾಳದ ಕಡೆಯ ಹಳ್ಳಿಗಳಲ್ಲಿ ಜೋಳದ ದಂಟಿನ ಚಕ್ಕಡಿ ಉರುಳುತ್ತದೆ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಮಣ್ಣಿನ ಎತ್ತುಗಳು ಜಗಲಿಯೇರುತ್ತವೆ. ಇವೆಲ್ಲ ಆಟಿಕೆಗಳು. ಚಕ್ಕಡಿಯನ್ನು ಹೋಲುತ್ತವೆ, ಎತ್ತನ್ನು ಹೋಲುತ್ತವೆ. ಆದರೆ ವಿಜ್ಞಾನದ ಭಾಷೆಯಲ್ಲಿ ಇವನ್ನು 'ಮಾದರಿ' ಎನ್ನಲಾಗದು.

ಹಾಗಾದರೆ ಮಾದರಿ ಎಂದರೇನು? ಆಟಿಕೆಗೂ ಮಾದರಿಗೂ ನಡುವೆ ಇರುವುದು ಒಂದು ಅಳತೆಪಟ್ಟಿ ಮಾತ್ರ. ನಿಜವಾದ ವಸ್ತುವಿನ ಪ್ರತಿಯೊಂದು ಉದ್ದವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಮಾಡಿದ್ದು ಮಾದರಿ. ಕಣ್ಣಳತೆಯಲ್ಲಿ ಮಾಡಿದ್ದು ಆಟಿಕೆ. ಈ ಸಣ್ಣ ವ್ಯತ್ಯಾಸದಲ್ಲಿ ಪ್ರೌಢಶಾಲೆಯ ಗಣಿತ ಮತ್ತು ಭೌತವಿಜ್ಞಾನದ ಬಹುಪಾಲು ಅಡಗಿದೆ.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂದಾಗ ಮನೆಗಳಲ್ಲಿ ನಡೆಯುವುದೇನೆಂದು ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಸಿದ್ಧ ಥರ್ಮೋಕೋಲ್ ಮಾದರಿ ಸಿಗುತ್ತದೆ. ಇಲ್ಲವೆ ಅಪ್ಪನೋ ಮಾವನೋ ರಾತ್ರಿಯಿಡೀ ಕುಳಿತು ಮಾಡಿಕೊಡುತ್ತಾರೆ. ಮರುದಿನ ಮಗು ಅದರ ಪಕ್ಕದಲ್ಲಿ ನಿಂತು ಬಾಯಿಪಾಠ ಒಪ್ಪಿಸುತ್ತದೆ. 'ಇದರ ಗಾಲಿ ಇಷ್ಟೇ ದೊಡ್ಡದು ಏಕೆ?' ಎಂದು ತೀರ್ಪುಗಾರರು ಕೇಳಿದರೆ ಬಾಯಿಪಾಠ ನಿಂತುಹೋಗುತ್ತದೆ. ಬಹುಮಾನ ಬಂದರೂ ಕಲಿಕೆ ಬರಲಿಲ್ಲ. ಆ ಪ್ರಶ್ನೆಗೆ ಮಗು ತಾನೇ ಉತ್ತರ ಹೇಳುವಂತಾಗಲು ಒಂದು ಪುಟ್ಟ ರೇಸ್ ಕಾರು ಸಾಕು. ಅದನ್ನು ಕೊಳ್ಳಬಾರದು, ಮಾಡಬೇಕು.

ಯಾವ ಕಾರು, ಯಾವ ಪ್ರಮಾಣ?

ಮೊದಲ ಪ್ರಯತ್ನಕ್ಕೆ ಟಿ.ವಿ.ಯಲ್ಲಿ ಕಾಣುವ ಫಾರ್ಮುಲಾ-1 ಕಾರು ಬೇಡ. ಅಳೆಯಲು ಕೈಗೆ ಸಿಗುವ ಕಾರು ಬೇಕು. ಅದಕ್ಕೆ ಮಾರುತಿ 800ಕ್ಕಿಂತ ಒಳ್ಳೆಯ ಗುರು ಇಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತಾದರೂ ನಮ್ಮ ಊರುಗಳಲ್ಲಿ ಅದು ಇನ್ನೂ ಕಣ್ಣಿಗೆ ಬೀಳುತ್ತದೆ. ಇದು ಕೇವಲ ಸಂಸಾರಸ್ಥರ ಕಾರೂ ಅಲ್ಲ. ದೇಶದ ರ‍್ಯಾಲಿಗಳಲ್ಲಿ ಕೆಸರು ಕುಡಿದ ಕಾರು. ಇದರ 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನನ್ನು ಇಟ್ಟುಕೊಂಡು 'ಫಾರ್ಮುಲಾ ಮಾರುತಿ' ಎಂಬ ಒಂಟಿ ಸೀಟಿನ ರೇಸ್ ಕಾರುಗಳೂ ಬಂದವು.

ಪ್ರಮಾಣ 1:24 ಇರಲಿ. ಈ 24 ಆಕಾಶದಿಂದ ಉದುರಿದ ಸಂಖ್ಯೆಯಲ್ಲ. ಒಂದು ಅಡಿಯನ್ನು ಅರ್ಧ ಇಂಚಿನಿಂದ ಸೂಚಿಸಿದರೆ ಬರುವುದು ಇದೇ. ಒಂದು ಅಡಿಗೆ ಒಂದಿಂಚು ಎಂದರೆ 1:12. ಜಗತ್ತಿನ ಆಟಿಕೆ ಅಂಗಡಿಗಳಲ್ಲಿ ಕಾಣುವ 1:43 ಎಂಬ ವಿಚಿತ್ರ ಪ್ರಮಾಣ ಕೂಡ ಅಡಿಗೆ 7 ಮಿಲಿಮೀಟರ್ ಎಂದು ಮಾಡುತ್ತಿದ್ದ ಆಟಿಕೆ ರೈಲಿನಿಂದ ಬಂದದ್ದು.

1986ರ ನಂತರದ ಮಾರುತಿ 800ರ ಉದ್ದ 3335 ಮಿ.ಮೀ., ಅಗಲ 1440, ಎತ್ತರ 1405. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ 2175. ಎಲ್ಲವನ್ನೂ 24ರಿಂದ ಭಾಗಿಸಿದರೆ ಉದ್ದ 139 ಮಿ.ಮೀ., ಅಗಲ ಸರಿಯಾಗಿ 60, ಎತ್ತರ 58.5, ಗಾಲಿಗಳ ಅಂತರ 90.6. ಹೆಚ್ಚುಕಡಿಮೆ ಒಂದು ಚೋಟು ಉದ್ದದ ಕಾರು.

ಹನ್ನೆರಡಿಂಚಿನ ಮೋಸ

ಹಳಿಯಾಳದ ಎಂಟನೆಯ ತರಗತಿಯ ಹುಡುಗನೊಬ್ಬ ಇಂಥ ಕಾರು ಮಾಡಲು ಹೊರಟನೆನ್ನಿ. ಟೈರಿನ ಮೇಲೆ 145/70 ಆರ್ 12 ಎಂದು ಬರೆದಿದೆ. 12 ಎಂದರೆ ಇಂಚು ಎಂದು ಅವನು ಕೇಳಿ ತಿಳಿದಿದ್ದಾನೆ. 12 ಇಂಚನ್ನು 24ರಿಂದ ಭಾಗಿಸಿದ. ಅರ್ಧ ಇಂಚು ಬಂತು. ಚಪ್ಪಲಿ ರಬ್ಬರಿನಲ್ಲಿ ಅರ್ಧ ಇಂಚಿನ ನಾಲ್ಕು ಗಾಲಿ ಕತ್ತರಿಸಿ, ಸೈಕಲ್ ಕಡ್ಡಿಯ ಅಚ್ಚಿಗೆ ಸಿಕ್ಕಿಸಿ, ರಟ್ಟಿನ ಕಾರನ್ನು ಮೇಲಿಟ್ಟ. ನೋಡಿದರೆ ಕಾರು ನೆಲಕ್ಕೆ ಕುಸಿದು ಕುಳಿತಂತಿದೆ.

'ಅಪ್ಪಾ, ಗಾಲಿ ಸಣ್ಣ ಕಾಣ್ತಾವ.'

'ಓಣ್ಯಾಗ ಕಾರು ನಿಂತೈತಲ್ಲ, ಹೋಗಿ ಅಳದ ನೋಡು.'

ಈ ಉತ್ತರ ಕೊಟ್ಟ ತಂದೆ ದೊಡ್ಡ ಉಪಕಾರ ಮಾಡಿದ. 'ಕೊಡು ಇಲ್ಲಿ, ನಾನು ಮಾಡ್ತೇನೆ' ಎಂದಿದ್ದರೆ ಪಾಠ ಅಲ್ಲಿಗೇ ಮುಗಿಯುತ್ತಿತ್ತು.

ಗುಂಡಗಿನ ಗಾಲಿಯನ್ನು ಅಡ್ಡ ಅಳೆಯುವುದು ಸುಲಭವಲ್ಲ. ಮೇಲೆ ಮಡ್‌ಗಾರ್ಡ್ ಅಡ್ಡ ಬರುತ್ತದೆ. ಆದರೆ ಟೈರಿನ ಕೆಳತುದಿಗೆ ಸುಣ್ಣದ ಗುರುತು ಹಾಕಿ, ಅದೇ ಜಾಗದಲ್ಲಿ ನೆಲಕ್ಕೂ ಒಂದು ಗುರುತು ಹಾಕಿ, ಕಾರಿನ ಯಜಮಾನರಿಗೆ ಹೇಳಿ ಗಾಲಿ ಒಂದು ಸುತ್ತು ಉರುಳುವಷ್ಟು ಮುಂದಕ್ಕೆ ತಳ್ಳಿಸಿದರೆ ಪರಿಧಿ ನೆಲದ ಮೇಲೆಯೇ ಬರೆದುಕೊಳ್ಳುತ್ತದೆ. ಅದು ಸುಮಾರು 158 ಸೆಂ.ಮೀ. ಬಂದರೆ 3.14ರಿಂದ ಭಾಗಿಸಿದಾಗ ವ್ಯಾಸ 50 ಸೆಂ.ಮೀ.ಗಿಂತ ತುಸು ಹೆಚ್ಚು. ಅಂದರೆ ಮಾದರಿಯಲ್ಲಿ 21 ಮಿ.ಮೀ. ಹುಡುಗ ಮಾಡಿದ್ದು 12.7 ಮಿ.ಮೀ.!

ತಪ್ಪಿದ್ದೆಲ್ಲಿ? 12 ಇಂಚು ಎನ್ನುವುದು ಟೈರಿನ ವ್ಯಾಸವಲ್ಲ, ಒಳಗಿನ ಲೋಹದ ರಿಮ್ಮಿನ ವ್ಯಾಸ. 145 ಎಂದರೆ ಟೈರಿನ ಅಗಲ, ಮಿ.ಮೀ.ಗಳಲ್ಲಿ. 70 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 70. ರಿಮ್ಮು 304.8, ಮೇಲೆ ಕೆಳಗೆ ಎರಡು ಗೋಡೆ ಸೇರಿ 203. ಒಟ್ಟು 508 ಮಿ.ಮೀ. ಉರುಳಿಸಿ ಅಳೆದಾಗ ಕೊಂಚ ಕಡಿಮೆ ಬಂದದ್ದು ಕಾರಿನ ಭಾರಕ್ಕೆ ಟೈರು ಅಮುಕಿದ್ದರಿಂದ. ಒಂದು ತಪ್ಪು ಗಾಲಿಯಿಂದ ಪರಿಧಿ, ವ್ಯಾಸ, ಶೇಕಡ, ಭಾರ ಇಷ್ಟೂ ಪಾಠಗಳಾದವು. ಪಠ್ಯಪುಸ್ತಕದಲ್ಲಿ ಇವಕ್ಕೆ ನಾಲ್ಕು ಅಧ್ಯಾಯ ಬೇಕು.

ಅಗಲವನ್ನು ಅಳೆಯುವುದಕ್ಕೂ ಒಂದು ಉಪಾಯವಿದೆ. ಕಾರಿನ ಎರಡೂ ಬದಿಗೆ ಅತಿ ಹೊರಚಾಚಿದ ಭಾಗದಿಂದ ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು, ಅದು ನೆಲ ಮುಟ್ಟುವ ಎರಡು ಬಿಂದುಗಳ ನಡುವೆ ಟೇಪು ಹಿಡಿದರಾಯಿತು. ಗೋಡೆ ಕಟ್ಟುವ ಗೌಂಡಿಯ ಉಪಾಯವೇ ಇದು. ಫೋಟೊ ನೋಡಿ ಅಳೆಯುವವರು ಮಾತ್ರ ಎಚ್ಚರವಹಿಸಬೇಕು. ಹತ್ತಿರ ನಿಂತು ತೆಗೆದ ಫೋಟೊದಲ್ಲಿ ಮುಂದಿನ ಭಾಗ ಉಬ್ಬಿ, ಹಿಂದಿನ ಭಾಗ ಕುಗ್ಗಿರುತ್ತದೆ. ದೂರ ನಿಂತು, ಬದಿಗೆ ನೇರವಾಗಿ ತೆಗೆದ ಚಿತ್ರವೇ ಉಪಯೋಗಕ್ಕೆ ಬರುವುದು.

ಹೀಗೆ ಅಳೆಯುವುದು ಮಕ್ಕಳಾಟವೆಂದು ಯಾರೂ ತಿಳಿಯಬಾರದು. ಜಪಾನಿನ ಶಿಜುವೊಕಾ ನಗರದಲ್ಲಿ 1946ರಲ್ಲಿ ಮರದ ವ್ಯಾಪಾರದಿಂದ ಆರಂಭವಾದ ತಮಿಯಾ ಎಂಬ ಸಂಸ್ಥೆ ಮೊದಲು ಮರದ ಮಾದರಿಗಳನ್ನು ಮಾಡಿತು, ಆಮೇಲೆ ಪ್ಲಾಸ್ಟಿಕ್ ಮಾದರಿಗಳಿಗೆ ಜಗತ್ಪ್ರಸಿದ್ಧವಾಯಿತು. 1976ರಲ್ಲಿ ಹೊರತಂದ ಪೋರ್ಷೆ 934 ರೇಸ್ ಕಾರಿನ ಮಾದರಿಗಾಗಿ ಆ ಸಂಸ್ಥೆಯವರು ನಿಜವಾದ ಪೋರ್ಷೆ 911 ಕಾರೊಂದನ್ನೇ ಕೊಂಡು ಬಿಚ್ಚಿ ಹಾಕಿ ಅಧ್ಯಯನ ಮಾಡಿದರು. ಮರದ ಡಿಪೊ ಇರುವ ದಾಂಡೇಲಿಯ ಮಕ್ಕಳಿಗೆ ಈ ಸಂಗತಿ ಉತ್ಸಾಹ ತರಬೇಕು.

ನಮ್ಮ ಸುತ್ತಲಿನ ಕೈಕಸುಬಿನಲ್ಲೂ ಈ ಶಿಸ್ತು ಹೊಸದಲ್ಲ. ಮುಂಡಗೋಡದ ಬಳಿ 1966ರಲ್ಲಿ ಟಿಬೆಟನ್ನರ ನೆಲೆ ಆರಂಭವಾಯಿತು. ಟಿಬೆಟನ್ನರ ಥಂಕಾ ಚಿತ್ರದಲ್ಲಿ ಬಣ್ಣಕ್ಕಿಂತ ಮೊದಲು ರೇಖೆಗಳ ಜಾಲ ಮೂಡುತ್ತದೆ. ಬುದ್ಧನ ಮುಖ, ಭುಜ, ಅಂಗೈ ಎಲ್ಲವೂ ಬೆರಳಿನ ಲೆಕ್ಕದ ಅಳತೆಗೆ ಒಳಪಟ್ಟಿರಬೇಕು. ಪಕ್ಕದ ಶಿರಸಿ ಸೀಮೆಯ ಗುಡಿಗಾರರು ಗಂಧದ ಮರದಲ್ಲಿ ಕೆತ್ತುವ ಪುಟ್ಟ ಮಂಟಪಗಳಲ್ಲೂ ಅಳತೆ ತಪ್ಪಿದರೆ ಕಣ್ಣು ಒಪ್ಪುವುದಿಲ್ಲ.

ಕಾಗದ, ಬಿದಿರು, ಬೆಂಡು

ಸಾಮಗ್ರಿಗಾಗಿ ಹುಬ್ಬಳ್ಳಿಗೆ ಹೋಗಬೇಕಿಲ್ಲ. ಸಿಹಿತಿಂಡಿ ಪೆಟ್ಟಿಗೆಯ ರಟ್ಟು ಸಾಕು. ಮೊದಲು ಗ್ರಾಫ್ ಕಾಗದದ ಮೇಲೆ ಬದಿಯ ನೋಟ, ಮುಂದಿನ ನೋಟ, ಮೇಲಿನ ನೋಟ ಮೂರನ್ನೂ ಬರೆಯಬೇಕು. ಮೂರು ಚಿತ್ರಗಳೂ ಒಂದಕ್ಕೊಂದು ತಾಳೆಯಾಗುವವರೆಗೆ ಬ್ಲೇಡು ಮುಟ್ಟಬಾರದು. ಆಮೇಲೆ ತಳದ ಹಲಗೆ, ಎರಡು ಬದಿ, ಚಾವಣಿ. ಬಾನೆಟ್ಟಿನ ಇಳಿಜಾರು ಉಬ್ಬಿಗೆ ಬಾಸಿಂಗ ಮಾಡುವ ಬೆಂಡನ್ನು ಅಂಟಿಸಿ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ಬೆಣ್ಣೆಯಂತೆ ರೂಪ ತಳೆಯುತ್ತದೆ. ಗಾಜಿಗೆ ಅಂಗಿಯ ಪೊಟ್ಟಣದ ಪಾರದರ್ಶಕ ಹಾಳೆ, ದೀಪಕ್ಕೆ ಮಾತ್ರೆಯ ಖಾಲಿ ಪಟ್ಟಿಯ ಗುಳಿ.

ಮನೆಯ ಕಾರು ರ‍್ಯಾಲಿ ಕಾರಾಗುವುದು ಒಳಗಿನ ಬದಲಾವಣೆಯಿಂದ. ಹಿಂದಿನ ಸೀಟು ತೆಗೆದುಹಾಕಿ, ಕಾರು ಪಲ್ಟಿಯಾದರೂ ಚಾಲಕ ಉಳಿಯಲೆಂದು ಉಕ್ಕಿನ ಕೊಳವೆಗಳ ಪಂಜರ ಕೂಡಿಸಿರುತ್ತಾರೆ. 38 ಮಿ.ಮೀ. ದಪ್ಪದ ಕೊಳವೆ ಮಾದರಿಯಲ್ಲಿ 1.6 ಮಿ.ಮೀ. ಅದು ಊದಿನಕಡ್ಡಿಯ ಬಿದಿರಿನಷ್ಟೇ ದಪ್ಪ. ಬರಿಯ ಕಡ್ಡಿಯನ್ನು ನೀರಿನಲ್ಲಿ ನೆನೆಸಿ, ದೀಪದ ಬಿಸಿಗೆ ದೂರದಿಂದ ಹಿಡಿದು ಮೆಲ್ಲನೆ ಬಗ್ಗಿಸಿದರೆ ಬಾಗುತ್ತದೆ. ತಣಿದ ಮೇಲೆ ಹಾಗೆಯೇ ನಿಲ್ಲುತ್ತದೆ. ಬಿದಿರಿನ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಬಿಸಿಗೆ ಮೆದುವಾಗಿ, ತಣ್ಣಗಾದಾಗ ಮತ್ತೆ ಗಟ್ಟಿಯಾಗುವುದೇ ಇದಕ್ಕೆ ಕಾರಣ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಮುಖ್ಯ ಕೆಲಸವೂ ಈ ಲಿಗ್ನಿನ್ನಿನೊಂದಿಗೇ. ಮೊದಲು ಬಿದಿರನ್ನು, ಈಗ ನೀಲಗಿರಿ, ಸುಬಾಬುಲ್ ಮುಂತಾದ ಮರಗಳನ್ನು ರಾಸಾಯನಿಕಗಳಲ್ಲಿ ಬೇಯಿಸಿ ಲಿಗ್ನಿನ್ ತೆಗೆದು ನಾರನ್ನು ಉಳಿಸಿಕೊಂಡರೆ ಕಾಗದ. ಅಂದರೆ ಈ ಪುಟ್ಟ ಕಾರಿನ ಪಂಜರ ಲಿಗ್ನಿನ್ ಉಳಿದದ್ದರಿಂದ ನಿಂತಿದೆ, ಅದರ ಸೀಟು ಬೆಲ್ಟಿನ ಬಿಳಿ ಕಾಗದ ಲಿಗ್ನಿನ್ ಹೋದದ್ದರಿಂದ ಆಗಿದೆ.

ಬಿದಿರಿಗಾಗಿ ಕಾಡಿಗೆ ನುಗ್ಗುವುದು ಮಾತ್ರ ಬೇಡ. ದಾಂಡೇಲಿ ಮತ್ತು ಅಣಶಿ ಕಾಡುಗಳು 2007ರಿಂದ ಹುಲಿ ಸಂರಕ್ಷಿತ ಪ್ರದೇಶ. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರಾಯಿತು. ಅಲ್ಲಿ ಒಂದು ಕಡ್ಡಿ ಮುರಿಯುವುದೂ ತಪ್ಪು. ಬುಟ್ಟಿ ಹೆಣೆಯುವ ಮೇದಾರರ ಬಳಿ ಬಿದ್ದಿರುವ ಸೀಳುಗಳೇ ಹತ್ತು ಕಾರಿಗೆ ಸಾಕು.

ಸಣ್ಣ ಕಾರಿನ ಸೂಕ್ಷ್ಮಗಳು

ಸೂಕ್ಷ್ಮ ವಿವರಗಳನ್ನು ಕೂಡಿಸುವಾಗ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಬೇಕು: ಇದನ್ನು 24ರಿಂದ ಗುಣಿಸಿದರೆ ಎಷ್ಟಾಗುತ್ತದೆ? ನೋಟುಬುಕ್ಕಿನ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಮಾದರಿಯ ಲೋಕದಲ್ಲಿ ಅದು 2.4 ಮಿ.ಮೀ. ತಗಡು! ನಿಜವಾದ ಕಾರಿನ ತಗಡು ಒಂದು ಮಿ.ಮೀ. ಕೂಡ ಇರುವುದಿಲ್ಲ. ಆದ್ದರಿಂದ ರಟ್ಟಿನ ಅಂಚು ಹೊರಗೆ ಕಾಣುವಲ್ಲೆಲ್ಲ ಒಳಬದಿಯಿಂದ ಓರೆಯಾಗಿ ಉಜ್ಜಿ ತೆಳ್ಳಗೆ ಮಾಡಬೇಕು. ಬಾಗಿಲಿನ ಸಂದು ನಿಜದಲ್ಲಿ ನಾಲ್ಕೈದು ಮಿ.ಮೀ.; ಇಲ್ಲಿ 0.2. ಅದನ್ನು ಕತ್ತರಿಸುವುದಲ್ಲ, ಮೊಂಡಾದ ಸೂಜಿಯಿಂದ ಗೀರಿದರೆ ಸಾಕು. ರೇಸಿನ ಸೀಟು ಬೆಲ್ಟಿನ ಅಗಲ 75 ಮಿ.ಮೀ.; ಇಲ್ಲಿ ಮೂರು. ಬಣ್ಣದ ಪದರವೂ ಇದೇ ಲೆಕ್ಕಕ್ಕೆ ಬರುತ್ತದೆ. ದಪ್ಪಗೆ ಬಳಿದರೆ ಗೀರಿದ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ನೀರಿನ ಬಣ್ಣವನ್ನು ತೆಳ್ಳಗೆ ಮೂರು ಸಲ ಹಚ್ಚುವುದು ಒಂದೇ ಸಲ ದಪ್ಪಗೆ ಬಳಿಯುವುದಕ್ಕಿಂತ ಮೇಲು. ರ‍್ಯಾಲಿ ಕಾರಿಗೆ ಕೊನೆಯ ಅಲಂಕಾರ ಧೂಳು. ಅದಕ್ಕೂ ಅಂಗಳದ ಮಣ್ಣು ಆಗದು. ತೆಳುಬಟ್ಟೆಯಲ್ಲಿ ಸೋಸಿದ ಹುಡಿ ಬೇಕು. ಸೋಸದ ಒಂದು ಮಿ.ಮೀ. ಮರಳಿನ ಕಾಳು ಈ ಕಾರಿಗೆ ದೊಡ್ಡ ಜಲ್ಲಿಕಲ್ಲು.

ಕುಗ್ಗದ ಸಂಗತಿಗಳು

ಇಲ್ಲಿಯವರೆಗೆ ಎಲ್ಲವನ್ನೂ 24ರಿಂದ ಭಾಗಿಸಿದ್ದಾಯಿತು. ಆದರೆ ಉದ್ದ ಕುಗ್ಗಿದಂತೆ ಎಲ್ಲವೂ ಕುಗ್ಗುವುದಿಲ್ಲ. ವಿಸ್ತೀರ್ಣ ಕುಗ್ಗುವುದು 24×24, ಅಂದರೆ 576 ಪಾಲು. ಘನಫಲ ಕುಗ್ಗುವುದು 24×24×24, ಅಂದರೆ 13,824 ಪಾಲು. ಸುಮಾರು 650 ಕಿಲೊ ತೂಗುವ ಕಾರನ್ನು ಅದೇ ಲೋಹ, ಅದೇ ಗಾಜಿನಲ್ಲಿ ಕುಗ್ಗಿಸಿದರೆ ತೂಕ ಕೇವಲ 47 ಗ್ರಾಂ! ಅಂಗಡಿಯ ಅಚ್ಚುಲೋಹದ ಕಾರು ಕೈಯಲ್ಲಿ ಭಾರವೆನಿಸಿದರೆ ಅದು ನಿಜವಾದ ಕಾರಿಗಿಂತಲೂ ಲೆಕ್ಕದಲ್ಲಿ ಭಾರವೇ. ರಟ್ಟಿನ ಕಾರನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದರೆ ಹುಡುಗನಿಗೆ ಸಂತೋಷವಾಗದಿರದು.

ಬಲ ವಿಸ್ತೀರ್ಣವನ್ನು ಅವಲಂಬಿಸಿದರೆ ಭಾರ ಘನಫಲವನ್ನು ಅವಲಂಬಿಸುತ್ತದೆ. ಆದ್ದರಿಂದ ಸಣ್ಣದು ತನ್ನ ಗಾತ್ರಕ್ಕೆ ಮೀರಿ ಗಟ್ಟಿ. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನೇ ವಿವರಿಸಿದ. ಎಂಬತ್ತು ಸೆಂ.ಮೀ.ಗಿಂತ ತುಸು ಕಡಿಮೆ, 75 ಸೆಂ.ಮೀ. ಎತ್ತರದ ಮೇಜಿನಿಂದ ಈ ಕಾರು ಬಿದ್ದರೆ ಅದಕ್ಕದು 18 ಮೀಟರ್ ಎತ್ತರ, ಆರು ಮಹಡಿಯಷ್ಟು. ಆದರೂ ಹೆಚ್ಚೆಂದರೆ ಒಂದು ಗಾಲಿ ಕಳಚೀತು. ನಿಜವಾದ ಕಾರು 18 ಮೀಟರಿನಿಂದ ಬಿದ್ದರೆ ಉಳಿಯುವುದು ತಗಡಿನ ಮುದ್ದೆ.

ಗುರುತ್ವವೂ ಕುಗ್ಗುವುದಿಲ್ಲ. 18 ಮೀಟರ್ ಬೀಳಲು ನಿಜವಾದ ಕಾರಿಗೆ 1.9 ಸೆಕೆಂಡು ಬೇಕು. ಮೇಜಿನಿಂದ ಬೀಳುವ ಮಾದರಿಗೆ 0.39 ಸೆಕೆಂಡು ಸಾಕು. ಸುಮಾರು ಐದು ಪಟ್ಟು ಚುರುಕು. ಹಳೆಯ ಸಿನಿಮಾಗಳಲ್ಲಿ ಆಟಿಕೆ ಕಾರನ್ನು ಕಣಿವೆಗೆ ಬೀಳಿಸುವಾಗ ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ಆಮೇಲೆ ನಿಧಾನವಾಗಿ ತೋರಿಸುತ್ತಿದ್ದುದು ಈ ಗುಟ್ಟು ಬಯಲಾಗದಿರಲೆಂದು.

ಗಾಳಿಯದು ಇನ್ನೊಂದು ಕಥೆ. ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸುವುದು ವಿಮಾನ, ರಾಕೆಟ್, ರೇಸ್ ಕಾರು ಮೂರಕ್ಕೂ ರೂಢಿ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ 1.2 ಮೀಟರ್ ಗಾಳಿಸುರಂಗ 1967ರಿಂದ ಇಂಥ ಮಾದರಿಗಳನ್ನು ಕಂಡಿದೆ. ಆದರೆ ಗಾಳಿ ನಿಜವಾದ ಕಾರಿನ ಸುತ್ತ ಹರಿದಂತೆಯೇ ಮಾದರಿಯ ಸುತ್ತಲೂ ಹರಿಯಬೇಕಾದರೆ ಗಾತ್ರ ಕಡಿಮೆಯಾದಷ್ಟೂ ವೇಗ ಹೆಚ್ಚಬೇಕು ಎಂಬುದನ್ನು 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಮಾಡಿದ ಅಧ್ಯಯನದಿಂದ ತಿಳಿಯಬಹುದು. ಫಾರ್ಮುಲಾ-1 ತಂಡಗಳು ನಿಯಮದ ಪ್ರಕಾರ ನಿಜ ಗಾತ್ರದ ಶೇಕಡ 60ಕ್ಕಿಂತ ದೊಡ್ಡ ಮಾದರಿಯನ್ನು ಸುರಂಗದಲ್ಲಿ ಇಡುವಂತಿಲ್ಲ, ಸೆಕೆಂಡಿಗೆ 50 ಮೀಟರ್ ಮೀರಿ ಗಾಳಿ ಬೀಸುವಂತಿಲ್ಲ. ಆ ಗಾಳಿ ಗಂಟೆಗೆ 180 ಕಿ.ಮೀ. ಆದರೂ ರೆನಾಲ್ಡ್ಸ್ ಲೆಕ್ಕದಲ್ಲಿ ಅದು ಪೂರ್ಣ ಗಾತ್ರದ ಕಾರಿಗೆ 108 ಕಿ.ಮೀ.ಗೆ ಮಾತ್ರ ಸಮ. ಚೋಟುದ್ದದ ಕಾರಿಗೆ? ಗಂಟೆಗೆ 60 ಕಿ.ಮೀ. ಓಟವನ್ನು ಅನುಕರಿಸಲು 1440 ಕಿ.ಮೀ. ವೇಗದ ಗಾಳಿ ಬೇಕು. ಅದು ಶಬ್ದದ ವೇಗಕ್ಕಿಂತ ಹೆಚ್ಚು, ಆಗ ಗಾಳಿಯ ಸ್ವಭಾವವೇ ಬೇರೆ. ಮೇಜಿನ ಫ್ಯಾನಿನ ಮುಂದೆ ಕಾರನ್ನಿಟ್ಟು ಊದಿನಕಡ್ಡಿಯ ಹೊಗೆ ಹಾಯಿಸಿ ನೋಡುವುದು ಚೆಂದವೇ. ಆದರೆ ಅದು ನಿಜವಾದ ಕಾರಿನ ಸಾಕ್ಷಿಯಲ್ಲ ಎಂದು ಹೇಳಬಲ್ಲ ವಿದ್ಯಾರ್ಥಿ ಪ್ರದರ್ಶನದಲ್ಲಿ ಬೇರೆಯೇ ಕಾಣುತ್ತಾನೆ.

ತಂದೆತಾಯಿಗಳಿಗೆ ಎರಡು ಮಾತು

ಬ್ಲೇಡು ಹಿಡಿದ ಮಗುವಿನ ಬಳಿ ಒಬ್ಬ ಹಿರಿಯರು ಕುಳಿತಿರಲಿ. ಬ್ಲೇಡು ಯಾವಾಗಲೂ ಬೆರಳಿನಿಂದ ದೂರಕ್ಕೆ ಸಾಗಬೇಕು. ಕೆಳಗೆ ದಪ್ಪ ರಟ್ಟು ಇರಬೇಕು. ಕ್ಷಣದಲ್ಲಿ ಹಿಡಿಯುವ ಅಂಟು ಚರ್ಮವನ್ನೂ ಹಾಗೆಯೇ ಹಿಡಿಯುತ್ತದೆ, ಅದರ ಬದಲು ಬಿಳಿಯ ಫೆವಿಕಾಲ್ ಸಾಕು. ಬಿದಿರು ಬಗ್ಗಿಸುವ ದೀಪದ ಹತ್ತಿರ ಕಾಗದ, ಬಣ್ಣ ಇರಕೂಡದು. ಹಿರಿಯರ ಕೆಲಸ ಇಷ್ಟೆ. ಕತ್ತರಿಯನ್ನು ಕಸಿದುಕೊಳ್ಳುವುದು ಅವರ ಕೆಲಸವಲ್ಲ.

ಹುಡುಗನ ಮೊದಲ ಕಾರು ಸೊಟ್ಟಗಾಗುತ್ತದೆ. ಅಂಗಡಿಯ ನುಣುಪು ಕಾರಿನ ಪಕ್ಕದಲ್ಲಿ ಅದನ್ನಿಡಲು ಅವನಿಗೆ ನಾಚಿಕೆಯೂ ಆದೀತು. ಆಗ ಅರ್ಧ ಇಂಚಿನ ಆ ನಾಲ್ಕು ತಪ್ಪು ಗಾಲಿಗಳನ್ನೂ ಎಸೆಯದೆ ಹೊಸ ಗಾಲಿಗಳ ಜೊತೆ ಪ್ರದರ್ಶನದ ಮೇಜಿನ ಮೇಲಿಡಲು ಹೇಳಬೇಕು. 'ಇದರ ಗಾಲಿ ಇಷ್ಟೇ ದೊಡ್ಡದು ಏಕೆ?' ಎಂಬ ಪ್ರಶ್ನೆ ಬಂದರೆ ಅವನು ಬಾಯಿಪಾಠ ಒಪ್ಪಿಸಬೇಕಿಲ್ಲ. ಮೊದಲು ಹೀಗೆ ಮಾಡಿದೆ, ಓಣಿಯ ಕಾರನ್ನು ಉರುಳಿಸಿ ಅಳೆದೆ, ಆಮೇಲೆ ಹೀಗೆ ತಿದ್ದಿದೆ ಎಂದು ಎರಡೂ ಗಾಲಿಗಳನ್ನು ಎತ್ತಿ ತೋರಿಸಿದರಾಯಿತು. ಬಹುಮಾನ ಬರಲಿ, ಬಿಡಲಿ, ಮುಂದಿನ ರಜೆಗೆ ಅವನು ಅಳೆಯಲು ಇನ್ನೊಂದು ವಸ್ತುವನ್ನು ಹುಡುಕಿಕೊಂಡಿರುತ್ತಾನೆ.